ವೀಳ್ಯದೆಲೆ ನಡುವೆ ನನ್ನ ಮುಖ

ಶಾಲೆ ಬಿಟ್ಟು ಇಪ್ಪತ್ತೈದು ವರ್ಷವಾದದ್ದಕ್ಕೆ ನಮ್ಮ ಗೆಳತಿಯರೆಲ್ಲ ಸೇರುವುದೆಂದು ತೀರ್ಮಾನವಾಯಿತು. ಎಲ್ಲರ ಮುಖವೂ ಇರುವ ಒಂದು ಫ್ಲೆಕ್ಸ್ ಮಾಡಿಸುತ್ತೇವೆ, ಈಗಿನ ಫೋಟೋ ಒಂದೊಂದು ಕಳಿಸಿ ಎಂದು ವಾಟ್ಸಾಪ್ ಗುಂಪಿನಲ್ಲಿ ಅಪ್ಪಣೆ ಬಂತು. ಶಾಲೆಯಲ್ಲಿ ನಾನು ಕೊನೇ ಬೆಂಚಿನ ಕಡ್ಡಿ. ಚೆನ್ನಾಗಿದ್ದೀಯ ಎಂದು ಯಾರೂ ಅಂದವರಲ್ಲ, ಹೆತ್ತ ತಾಯಿಯೂ ಅಂದವಳಲ್ಲ. ಈ ಸಲ ಒಬ್ಬರ ಬಾಯಿಂದಲಾದರೂ ಆ ಮಾತು ಹೊರಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ನನ್ನ ತವರು ಅಲ್ಲಾಳಸಂದ್ರದಲ್ಲಿ. ಹೊಲಗಳೆಲ್ಲ ಬಾಡಿಗೆ ಮನೆಗಳಾದ ಮೇಲೆ ನಮಗೆ ಹಸಿರು ಅಂತ ಉಳಿದದ್ದು ಹಿತ್ತಲಿನ ನುಗ್ಗೆಮರ ಮತ್ತು ಅದಕ್ಕೆ ಹಬ್ಬಿದ ಅಮ್ಮನ ವೀಳ್ಯದೆಲೆ ಬಳ್ಳಿ. ಎಲೆ ಒಂದೊಂದೂ ಅಂಗೈಯಗಲ. ವಾರದ ಮಟ್ಟಿಗೆ ಅಲ್ಲಿಗೆ ಹೋಗಿದ್ದವಳು ರೇಷ್ಮೆ ಸೀರೆ ಉಟ್ಟು, ಆ ಎಲೆಗಳ ನಡುವೆ ಮುಖ ತೂರಿಸಿ ನಿಂತೆ. ನನ್ನ ತಮ್ಮ ಫೋನಿನಲ್ಲಿ ಹದಿನೇಳು ಫೋಟೋ ತೆಗೆದ.

ಆಮೇಲೆ ಶುರುವಾಯಿತು ಆಯ್ಕೆ. ಮೂರನೆಯದರಲ್ಲಿ ಎಲೆಯ ನೆರಳು ಬಿದ್ದು ನನಗೆ ಮೀಸೆ ಬಂದಿತ್ತು. ಐದಕ್ಕೂ ಆರಕ್ಕೂ ಇದ್ದ ವ್ಯತ್ಯಾಸ ಒಂದು ಇರುವೆ. ಹನ್ನೊಂದನೆಯದು ಮಾತ್ರ, ನಾಚಿಕೆ ಬಿಟ್ಟು ಹೇಳುತ್ತೇನೆ, ಚೆನ್ನಾಗಿತ್ತು. ನನ್ನ ಎರಡನೇ ಗಲ್ಲವನ್ನು ಒಂದು ಎಲೆ ಪುಣ್ಯಕ್ಕೆ ಮುಚ್ಚಿತ್ತು.

"ಎಲ್ಲಾ ಒಂದೇ ತರ ಇದೆ ಕಣೇ ಅಕ್ಕ, ಕಣ್ಮುಚ್ಕೊಂಡು ಯಾವ್ದೋ ಒಂದು ಕಳ್ಸು," ಎಂದ ತಮ್ಮ.

ಅಮ್ಮ ಕನ್ನಡಕ ಹಾಕಿಕೊಂಡು ಹದಿನೇಳನ್ನೂ ನೋಡಿದಳು. ನಾನು ಉಸಿರು ಬಿಗಿಹಿಡಿದು ಕಾದೆ.

"ಎಲ್ಲಾದ್ರಲ್ಲೂ ಬಳ್ಳಿ ಎದ್ ಕಾಣ್ತೈತಲ್ಲೇ! ಊರೋರ ಕಣ್ಣೆಲ್ಲಾ ಬಿದ್ರೆ ಒಣಗೋಗ್ಬುಡ್ತೈತೆ."

"ಬಳ್ಳಿ ಮುಂದೆ ನಾನೂ ಇದೀನಮ್ಮ. ನಂಗೆ ದೃಷ್ಟಿ ಆಗಲ್ವಾ?"

"ನಿಂಗಾ?" ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. "ನಿಂಗೇನಾಗಲ್ಲ, ಬುಡು."

ತಮ್ಮ ನಕ್ಕು ನಕ್ಕು ಸೋಫಾದಿಂದ ಜಾರಿದ. ಅಮ್ಮ ಆರಿಸಿದ್ದು ಒಂಬತ್ತನೆಯದನ್ನು. ಅದರಲ್ಲಿ ತಮ್ಮನ ಬೆರಳು ಅಡ್ಡ ಬಂದು ಮುಕ್ಕಾಲು ಬಳ್ಳಿ, ಅರ್ಧ ನನ್ನ ಮುಖ ಮುಚ್ಚಿಹೋಗಿತ್ತು. "ಇದ್ನೇ ಕಳ್ಸು, ಲಕ್ಷಣವಾಗೈತೆ," ಎಂದಳು.

ನಾನು ಕದ್ದು ಹನ್ನೊಂದನ್ನು ಕಳಿಸಿದೆ. ಟಪಟಪ ಉತ್ತರ ಬಂದವು. "ಅಬ್ಬಾ, ಏನ್ ಎಲೆ ಕಣೇ!" "ಏನ್ ಗೊಬ್ಬರ ಹಾಕ್ತೀರಾ?" ನನ್ನ ಮುಖದ ಬಗ್ಗೆ ಒಂದಕ್ಷರವಿಲ್ಲ. ಹೊಟ್ಟೆ ಉರಿದುಹೋಯಿತು. ಸಾಲದ್ದಕ್ಕೆ ಕೆಂಪಾಪುರದ ಗೆಳತಿಯೊಬ್ಬಳು ಮಾರನೇ ದಿನವೇ ಮನೆಗೆ ಬಂದು, "ಫೋಟೋದಲ್ಲಿ ನೋಡ್ದೆ ಆಂಟಿ, ಒಂದು ಕಡ್ಡಿ ಕೊಡಿ," ಎಂದು ಅಮ್ಮನನ್ನೇ ಕೇಳಿದಳು. ನನ್ನ ಕಳ್ಳತನ ಬಯಲಾಯಿತು.

ನಾಲ್ಕು ದಿನಕ್ಕೆ ಬಳ್ಳಿಯಲ್ಲಿ ಹಳದಿ ಎಲೆ ಕಾಣಿಸಿತು.

"ಬಡ್ಕೊಂಡೆ ಕಣೇ ನಾನು, ಕೇಳಿದ್ಯಾ?" ಎಂದು ಅಮ್ಮ ಸಂಜೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಹಿತ್ತಲಿಗೆ ಹೋದಳು. ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎನ್ನುತ್ತ ಬಳ್ಳಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ತಾಗಿರದಿದ್ದರೆ ಮನೆಮಂದಿಯೆಲ್ಲ ಕೆಮ್ಮಬೇಕು. ಇದು ನಮ್ಮ ಮನೆಯ ಕಾನೂನು.

"ನೋಡ್ರೋ, ಒಂಚೂರು ಘಾಟಿಲ್ಲ! ಎಂಥಾ ದೃಷ್ಟಿ ಆಗಿತ್ತು ನನ್ ಬಳ್ಳಿಗೆ!"

"ಬಯಲಲ್ಲಿ ಗಾಳಿಗೆ ಸುಟ್ರೆ ಘಾಟು ಎಲ್ಲಿಂದ ಬರುತ್ತೆ?" ಎಂದು ತಮ್ಮ ಗೊಣಗಿದ.

ನಾನು ನಲವತ್ತೊಂದು ವರ್ಷದ ಹೆಂಗಸು, ಒಂದು ಬಳ್ಳಿಯ ಮೇಲೆ ಮತ್ಸರ! "ನಂಗೂ ತೆಗಿ," ಎಂದೆ. ತಮಾಷೆಗೆ ಎಂಬಂತೆ ಹೇಳಲು ನೋಡಿದೆ, ದನಿ ನಡುಗಿಬಿಟ್ಟಿತು. ಅಮ್ಮ ನನ್ನ ಮುಖವನ್ನೇ ನೋಡಿದಳು. "ಬಾ," ಎಂದಳು.

ಅಷ್ಟರಲ್ಲಿ ಸೊಳ್ಳೆ ಬರುತ್ತವೆಂದು ತಮ್ಮ ಅಡುಗೆಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದ್ದ. ಅಮ್ಮ ನನಗೆ ನಿವಾಳಿಸಿ, ಒಲೆಯ ಮೇಲೆ ಕಾದಿದ್ದ ಹಳೇ ಕಾವಲಿಗೆ ಮೆಣಸಿನಕಾಯಿ ಸುರಿದಳು. ಅಯ್ಯಯ್ಯೋ! ಘಾಟು ಎಂದರೆ ಘಾಟು. ತಮ್ಮ ಕೆಮ್ಮುತ್ತ ಬೀದಿಗೆ ಓಡಿದ. ನನ್ನ ಕಣ್ಣು ಮೂಗೆಲ್ಲ ಸುರಿಯತೊಡಗಿತು.

"ಸಾಕು ಬಿಡಮ್ಮ, ಗೊತ್ತಾಯ್ತು," ಎಂದೆ.

ಅಮ್ಮ ಒಲೆಯ ಮುಂದೆಯೇ ನಿಂತಿದ್ದಳು. ಕಣ್ಣು ಕೆಂಡವಾಗಿತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಕತ್ತಿನ ನರ ಉಬ್ಬಿತ್ತು.

"ಎಲ್ಲೇ ಘಾಟು? ನಂಗೇನೂ ಬರ್ತಿಲ್ಲ," ಎಂದಳು. "ಬಾಳ ದೃಷ್ಟಿ ಆಗೈತೆ ನಿಂಗೆ."

ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಬಳ್ಳಿಯ ಮರೆಯಲ್ಲಿ ನಿಂತು ಐದು ನಿಮಿಷ ಕೆಮ್ಮಿದಳು.