ಕೆಂಚಿಯ ಮೂಗಿಗೆ ನೀಲಗಿರಿ ಎಣ್ಣೆ

ಬೆಳಿಗ್ಗೆ ಏಳಕ್ಕೆ ಚಳ್ಳಕೆರೆ ಬಿಟ್ಟೆವು. ನನಗೆ ಮೊಳಕಾಲ್ಮೂರಿನ ಕಾಲೇಜಿಗೆ ವರ್ಗವಾಗಿತ್ತು. ಪಾತ್ರೆ, ಪುಸ್ತಕಗಳ ಜೊತೆ ನನ್ನ ನಾಯಿ ಕೆಂಚಿಯೂ ಸಲೀಮಣ್ಣನ ಗೂಡ್ಸ್ ಆಟೋ ಹತ್ತಿದಳು. ಸುಮಾರು ಐವತ್ತು ಕಿಲೋಮೀಟರ್ ದಾರಿ, ಬಾಡಿಗೆ ಸಾವಿರದ ಎಂಟುನೂರು. ಹೊಸ ಊರೆಂಬ ಸಂಭ್ರಮದಲ್ಲಿ ನಾನು ತಿಂಡಿಯನ್ನೂ ತಿಂದಿರಲಿಲ್ಲ.

ಕೆಂಚಿಗೆ ಮಾತ್ರ ಗಾಡಿಯೆಂದರೆ ಭಯ. ಇಂಜಿನ್ ಶುರುವಾದರೆ ನಡುಗುತ್ತಾಳೆ, ಜೊಲ್ಲು ಸುರಿಸುತ್ತಾಳೆ, ವಾಂತಿ ಮಾಡುತ್ತಾಳೆ. ಚಿಕ್ಕಂದಿನಲ್ಲಿ ಬಸ್ಸಿನಲ್ಲಿ ನನಗೆ ಹೊಟ್ಟೆ ತೊಳಸಿದರೆ ಅವ್ವ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿ ಮೂಗಿಗೆ ಹಿಡಿಯುತ್ತಿದ್ದಳು. ಗಿಡದ ಔಷಧಿ ತಾನೇ, ಏನಾದೀತು? ತಳುಕು ದಾಟಿದ ಮೇಲೆ ಗಾಡಿ ನಿಲ್ಲಿಸಿ ಕೆಂಚಿಯ ಮೂಗಿಗೂ ಎರಡು ಹನಿ ಸವರಿದೆ. ಕುತ್ತಿಗೆಯ ಹಗ್ಗವನ್ನು ಕಂಬಿಗೆ ಕಟ್ಟಿ ಮುಂದೆ ಬಂದು ಕುಳಿತೆ.

ಗಾಡಿ ಹೊರಟು ಒಂದು ನಿಮಿಷವೂ ಆಗಿರಲಿಲ್ಲ. ಕನ್ನಡಿಯಲ್ಲಿ ಕಂಡೆ: ಕೆಂಚಿ ಮೂಗನ್ನು ಚೀಲಕ್ಕೆ ತಿಕ್ಕಿದಳು, ಸೀನಿದಳು, ಹಾರಿಯೇಬಿಟ್ಟಳು. ಹಗ್ಗ ಬಿಗಿಯಿತು. ಗಾಡಿಯ ಹೊರಗೆ ಕುತ್ತಿಗೆಯಿಂದ ನೇತಾಡುತ್ತಿದ್ದಳು. ಹಿಂದೆ ಲಾರಿ.

"ಯಾ ಅಲ್ಲಾ!" ಸಲೀಮಣ್ಣ ಬ್ರೇಕ್ ಒತ್ತಿದರು. ಲಾರಿ ಹಾರ್ನ್ ಹೊಡೆಯುತ್ತ ಅವಳ ಬಾಲ ಸವರಿದಂತೆ ಹಾದುಹೋಯಿತು. ನಾನು ಓಡಿ ಅವಳನ್ನು ಎದೆಗೆತ್ತಿ ಹಿಡಿದೆ, ಸಲೀಮಣ್ಣ ಹಗ್ಗ ಕೊಯ್ದರು. ಅವಳಿಗೆ ಉಸಿರು ಬಂತು. ಇದನ್ನು ಬರೆಯುವಾಗ ಈಗಲೂ ಆ ಹಾರ್ನ್ ಕೇಳಿಸುತ್ತದೆ.

ರಸ್ತೆ ಬದಿ ಕುರಿ ಮೇಯಿಸುತ್ತಿದ್ದ ದೇವಸಮುದ್ರದ ಓಬಕ್ಕ ಎಂಬುವವರು ಓಡಿಬಂದು ಕೆಂಚಿಯ ಮುಖ ಮೂಸಿದರು.

"ಏನಮ್ಮ ಹಚ್ಚಿದ್ದು?"

"ನೀಲಗಿರಿ ಎಣ್ಣೆ."

"ಅಯ್ಯೋ ದೇವುಡಾ! ನಿನ್ ಮೂಗಿಗೆ ಖಾರದಪುಡಿ ತುಂಬಿದ್ರೆ ಸುಮ್ನೆ ಕುಂದ್ರುತಿದ್ಯಾ?"

"ಕಾಲೇಜಲ್ಲಿ ಪಾಠ ಹೇಳ್ತಾರಕ್ಕ," ಎಂದರು ಸಲೀಮಣ್ಣ.

"ಪುಣ್ಯ, ನಾಯಿಗಳಿಗೆ ಹೇಳಲ್ವಲ್ಲ!"

ಓಬಕ್ಕ ಒದ್ದೆ ಬಟ್ಟೆಯಿಂದ ಆ ಮೂಗನ್ನು ಎಷ್ಟು ಸಲ ಒರೆಸಿದರೋ. ಮೇವು ಹುಡುಕಿ ಮಂದೆಯನ್ನು ಲಾರಿಯಲ್ಲಿ ಒಯ್ಯುವಾಗ ಅವರು ನಾಯಿಗಳಿಗೆ ಹೊಟ್ಟೆ ತುಂಬ ಹಾಕುವುದಿಲ್ಲವಂತೆ. ಚಿಟಿಕೆ ಒಣಶುಂಠಿ ಕದಡಿದ ತೆಳು ಅಂಬಲಿ, ಅಷ್ಟೇ. ತಮ್ಮ ಬುತ್ತಿಯ ಅಂಬಲಿಗೇ ಶುಂಠಿ ಬೆರೆಸಿ ನೆಕ್ಕಿಸಿದರು.

"ಇದು ವಾಂತಿಗೆ ಕಣಮ್ಮ. ಭಯಕ್ಕೆ ಗುರುತಿನ ವಾಸ್ನೆ ಬೇಕು. ನೀನುಟ್ಟ ಸೀರೆ ಯಾವ್ದಾನ ಐತಾ?"

ಒಗೆಯದ ಸೀರೆಯೊಂದು ಗಂಟಿನಲ್ಲಿತ್ತು. ಬೇವಿನ ನೆರಳಲ್ಲಿ ಅರ್ಧ ಗಂಟೆ ಕಾದು, ಸೀರೆ ಹಾಸಿ, ಹಗ್ಗವನ್ನು ಕುತ್ತಿಗೆ ಬಿಟ್ಟು ಎದೆಗೆ ಸುತ್ತಿ, ಈ ಸಲ ನಾನೂ ಹಿಂದೆಯೇ ಕುಳಿತೆ. ಹಾನಗಲ್ ಹಳ್ಳಿಯ ಬಳಿ ಮೊಳಕಾಲ್ಮೂರಿನ ಕಡೆಗೆ ಬಲಕ್ಕೆ ತಿರುಗುವಷ್ಟರಲ್ಲಿ ಕೆಂಚಿ ನಿದ್ದೆ ಹೋಗಿದ್ದಳು! ಜೊಲ್ಲಿಲ್ಲ, ವಾಂತಿಯಿಲ್ಲ. ಬಂಡೆಗುಡ್ಡಗಳು ಎದ್ದು ಬಂದಾಗ ನನಗೆ ಕೂಗಬೇಕೆನಿಸಿತು. ಅವಳು ಎದ್ದಾಳೆಂದು ಬಾಯಿ ಮುಚ್ಚಿಕೊಂಡೆ.

ಮೊಳಕಾಲ್ಮೂರಿನಲ್ಲಿ ಸಾಮಾನೆಲ್ಲ ಇಳಿಯಿತು. ಕೆಂಚಿ ಮಾತ್ರ ಸೀರೆ ಬಿಟ್ಟು ಏಳಲಿಲ್ಲ.

"ಮೇಡಂ, ವಾಪಸ್ ಕರ್ಕೊಂಡು ಹೋಗ್ಲಾ? ಬಾಡಿಗೆ ಮಾಫ್!" ಸಲೀಮಣ್ಣ ನಕ್ಕರು.

ಕೈ ಚಾಚಿ ಕರೆದೆ. ಬೆರಳು ಮೂಸಿ ಮುಖ ತಿರುಗಿಸಿದಳು. ಎಣ್ಣೆ ಇನ್ನೂ ಅಲ್ಲೇ ಇತ್ತು. ಹೊಸ ಮನೆಯ ನಲ್ಲಿಯಲ್ಲಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದು ಬಂದು ಮತ್ತೆ ಚಾಚಿದೆ.

ತುಂಬ ಹೊತ್ತು ಮೂಸಿದಳು. ಆಮೇಲೆ ಇಳಿದಳು.