ಪ್ರಿಂಟರಿನ ಹೊಟ್ಟೆಯೊಳಗಿನ ಭಂಡಾರ

ಹಸಿರು ದೀಪ ಉರಿದರೆ ಎಲ್ಲ ಸರಿಯಿದೆ, ಕಿತ್ತಳೆ ದೀಪ ಉರಿದರೆ ಏನೋ ಸರಿಯಿಲ್ಲ ಎಂಬಷ್ಟು ಜ್ಞಾನ ನನಗೂ ಇದೆ; ಆದರೆ ಎರಡೂ ಸರದಿಯ ಮೇಲೆ ಕಣ್ಣು ಹೊಡೆಯತೊಡಗಿದರೆ, ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರನೊಬ್ಬ ಏನೆಂದು ತಿಳಿಯಬೇಕು, ನೀವೇ ಹೇಳಿ. ಬನಹಟ್ಟಿಯ ನಮ್ಮ ನೇಕಾರರ ಓಣಿಯಲ್ಲಿ ಯಂತ್ರಕ್ಕೆ ಹೆದರುವವರಿಲ್ಲ. ಮಗ್ಗ ನಿಂತರೆ ಎಣ್ಣೆ ಬಿಡುತ್ತಾರೆ, ಅದಕ್ಕೂ ಬಗ್ಗದಿದ್ದರೆ ಬೈಯುತ್ತಾರೆ, ಅದು ಓಡುತ್ತದೆ. ನಾನು ಪ್ರಿಂಟರನ್ನು ಬೈದೂ ನೋಡಿದೆ.

ಅದರೊಡನೆ ಬಂದ ಪುಸ್ತಕದಲ್ಲಿ ಜಗತ್ತಿನ ಭಾಷೆಗಳೆಲ್ಲ ಇದ್ದವು, ಕನ್ನಡವೊಂದನ್ನು ಬಿಟ್ಟು. ಸಿಡಿ ಹಾಕಿದರೆ ಕಂಪ್ಯೂಟರು ಪ್ರಿಂಟರಿನ ವೈರು ಜೋಡಿಸಿರೆಂದು ಆಜ್ಞಾಪಿಸಿತು. ಜೋಡಿಸಿಯೇ ಇತ್ತು. ಬಿಚ್ಚಿ ಮತ್ತೆ ಜೋಡಿಸಿದರೆ, ನಾವು ಹೇಳುವ ಮೊದಲೇ ಯಾಕೆ ಜೋಡಿಸಿದಿರಿ ಎಂಬ ಧಾಟಿಯ ಇನ್ನೊಂದು ಆಕ್ಷೇಪಣೆ ಮೂಡಿತು. ಮೂರನೆಯ ದಿನ ಅದು ಹಾಳೆಯನ್ನೇನೋ ನುಂಗಿತು. ಉಗುಳಿದ್ದು ಮಾತ್ರ ಖಾಲಿ ಹಾಳೆಯನ್ನೇ.

ನನ್ನ ಆತುರಕ್ಕೆ ಕಾರಣವಿತ್ತು. ಮಗಳ ಮದುವೆ ಗೊತ್ತಾಗಿತ್ತು. ಮೊದಲ ಲಗ್ನಪತ್ರಿಕೆಯನ್ನು ಅಮಾವಾಸ್ಯೆಯ ದಿನ ಮನೆದೇವರು ಬೀರಪ್ಪನ ಮುಂದಿಟ್ಟು, ಆಮೇಲೆ ಬೀಗರಿಗೆ ಕೊಡಬೇಕೆಂಬುದು ಅವ್ವನ ಹಟ. ಅದೊಂದನ್ನು ನಾನೇ ಮನೆಯಲ್ಲಿ ಅಚ್ಚುಮಾಡುತ್ತೇನೆಂದು ಜಂಬ ಕೊಚ್ಚಿ ಪ್ರಿಂಟರು ತಂದಿದ್ದೆ. ದೇವರಿಗೂ ನನಗೂ ಕಾಲೇಜಿನ ದಿನಗಳಿಂದ ಮಾತುಕತೆಯಿಲ್ಲ. ಬೀರಪ್ಪನ ಭಂಡಾರವನ್ನು, ಅಂದರೆ ಪ್ರಸಾದದ ಅರಿಷಿಣ ಪುಡಿಯನ್ನು, ಹಣೆಗೆ ಹಚ್ಚಲು ಬಂದ ಅವ್ವನಿಗೆ, ಅರಿಷಿಣ ಇರುವುದು ಸಾರಿಗೆ ಎಂದು ಒಮ್ಮೆ ಅಂದುಬಿಟ್ಟಿದ್ದೆ. ಅಂದಿನಿಂದ ಅವಳು ಹಚ್ಚುವುದನ್ನು ಬಿಟ್ಟಳು. ಆದರೆ ನಲವತ್ತು ವರ್ಷ ಪ್ರತಿ ಅಮಾವಾಸ್ಯೆಗೂ ಕೈ ನನ್ನ ಹಣೆಯತ್ತ ಎತ್ತುವಳು, ಹಾಗೇ ಇಳಿಸುವಳು. ಅದನ್ನು ಕಂಡಾಗಲೆಲ್ಲ ಮನಸ್ಸಿಗೆ ಕೆಡುಕೆನಿಸುತ್ತಿತ್ತು; ಆದರೂ ಮಾಸ್ತರಿಕೆ ಬಿಡಲಿಲ್ಲ.

ಪ್ರಿಂಟರು ಬಂದ ದಿನವೇ ಅವ್ವ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿದ್ದಳು. ಅಮಾವಾಸ್ಯೆಯ ಮುಂಜಾನೆ ನಾನು ಅದನ್ನು ಅವ್ವ, ಹೆಂಡತಿಯರ ಸುಪರ್ದಿಗೆ ಬಿಟ್ಟು ಹೊಸ ಕಾಗದ ತರಲು ಪೇಟೆಗೆ ಹೋಗಿಬರುವಷ್ಟರಲ್ಲಿ, ಅದು ಹಾಳೆ ನುಂಗುವುದನ್ನೂ ಬಿಟ್ಟು ಬರೀ ಗರಗರ ಅನ್ನತೊಡಗಿತ್ತು. ಸೋತು ಜಮಖಂಡಿಯ ರಿಪೇರಿಯವನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ. ಅವನು ಮೊದಲು ಶಾಯಿಯ ಡಬ್ಬಿಗೆ ಅಂಟಿದ್ದ ಟೇಪು ಕಿತ್ತ. ಅದನ್ನು ಕೀಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಒಳಗೆ ಬೆರಳಾಡಿಸಿದ. ಬೆರಳು ಹಳದಿಯಾಗಿ ಹೊರಬಂತು.

"ಇದರಾಗ ಭಂಡಾರ ತುಂಬಿದವ್ರು ಯಾರ್ರೀ ಸರ? ರೋಲರ್ ಜಾರಾಕತ್ತಾವ ನೋಡ್ರಿ."

ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಇದು ಅವಳದೇ ಕೆಲಸವೆಂದು ನನಗೆ ಖಾತ್ರಿಯಾಯಿತು. ಎಂಬತ್ತರ ಹೊಸ್ತಿಲಲ್ಲಿರುವವಳು ಪರರೆದುರು ನಗೆಪಾಟಲಾಗುವುದು ಬೇಡ ಅನ್ನಿಸಿತು.

"ನಾನ ಹಾಕೀನೋ" ಎಂದೆ.

"ನೀವ? ನಮಗ ಸಾಲ್ಯಾಗ ವಿಜ್ಞಾನ ಕಲಿಸಿದವ್ರು?" ಅವನು ಬಾಯಿ ಮುಚ್ಚಿಕೊಂಡು ನಕ್ಕ. ನಾನು ಗೋಡೆ ನೋಡಿದೆ.

ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿದ ಮೇಲೆ ಮಗಳ ಹೆಸರು ಹೊತ್ತ ಹಾಳೆ ಲಕ್ಷಣವಾಗಿ ಹೊರಬಂತು. ಅವನು ಹೋದ ಕೂಡಲೇ ಅವ್ವ ಬಂದು ನನ್ನ ಕೈ ಹಿಡಿದಳು. ಕಣ್ಣು ತುಂಬಿತ್ತು.

"ಯಪ್ಪಾ, ನಾ ಮ್ಯಾಲ ವಿಭೂತಿ ಅಷ್ಟ ಹಚ್ಚಿದ್ನಿ. ಒಳಗ ಭಂಡಾರ ಹಾಕಿದವ ನೀನ? ನಲವತ್ತ ವರ್ಷ ಬೀರಪ್ಪಗ ಇದನ್ನ ಬೇಡ್ಕೋತ ಬಂದೇನಿ. ಕಡೀಕೂ ನಿನಗ ಬುದ್ಧಿ ಕೊಟ್ಟ."

ನಾನು ತಬ್ಬಿಬ್ಬಾಗಿ ಅಡುಗೆಮನೆಯತ್ತ ನೋಡಿದೆ. ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು, ಹಳದಿ ಹತ್ತಿದ ಬೆರಳನ್ನು ತುಟಿಯ ಮೇಲಿಟ್ಟು, ಸುಮ್ಮನಿರಿ ಎಂದು ಸನ್ನೆ ಮಾಡುತ್ತಿದ್ದಳು.

ಅಷ್ಟರಲ್ಲಿ ಭಂಡಾರ ಹಿಡಿದ ಅವ್ವನ ಕೈ ನನ್ನ ಹಣೆಯತ್ತ ಎದ್ದಿತ್ತು. ನಾನು ತಲೆ ಬಗ್ಗಿಸಿದೆ. ಬಗ್ಗಿಸಿದ್ದು ದೇವರಿಗೋ, ಅವ್ವನಿಗೋ, ನಾನಾಡಿದ ಸುಳ್ಳಿಗೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವ್ವ ಮಾತ್ರ ನಲವತ್ತು ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಹಣೆತುಂಬ ಬಳಿದಳು.