ಎಂಜಿನ್ ಮನೆಗಾಗಿ ಕಲಿತ ಇಂಗ್ಲಿಷು

ನನ್ನ ಹೆಂಡತಿಯ ತಮ್ಮ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಕ್ಕೆ ಸೇರಿ ಎದೆತುಂಬ ದೂಳು ತುಂಬಿಕೊಂಡಿದ್ದ. ಇನ್ನು ಕೆಳಗಿಳಿಯಕೂಡದು ಎಂದು ಡಾಕ್ಟರು ಹೇಳಿಬಿಟ್ಟರು. ಅಷ್ಟರಲ್ಲಿ ಉರಿಗಾಂನಲ್ಲಿ, ನೆಲದ ಮೇಲಿನ ಎಂಜಿನ್ ಮನೆಯಲ್ಲಿ ಒಂದು ಜಾಗ ಖಾಲಿಯಾಯಿತು. ಆ ಕೆಲಸ ಅವನಿಗೆ ಬರುತ್ತಿತ್ತು. ರಜೆಯ ಮೇಲೆ ಹೋದವರ ಬದಲಿಗೆ ಎಷ್ಟೋ ಸಲ ನಿಂತಿದ್ದ. ಆದರೆ ಅಲ್ಲಿನ ಬಿಳಿ ಸಾಹೇಬರು ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡುತ್ತಾರಂತೆ. ಕಲಿಸುವ ಭಾರ ಆಂಡರ್ಸನ್‌ಪೇಟೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಮೇಲೆ ಬಿತ್ತು.

ಅವನಿಗಿಂತ ನನಗೇ ಹೆದರಿಕೆ. ಎಲ್ಲಕ್ಕೂ ಒಂದೇ ‘ಬೇಕು’ ಇಟ್ಟುಕೊಂಡು ಬದುಕಿದವನಿಗೆ ಮಸ್ಟು ಬೇರೆ, ಶುಡ್ಡು ಬೇರೆ ಎಂದು ಹೇಗೆ ಹೇಳುವುದು? ಮನೆಯಿಂದಲೇ ಉದಾಹರಣೆ ತೆಗೆದೆ. ನಿಮ್ಮಕ್ಕ ಕರೆದರೆ ಏಳಲೇಬೇಕಲ್ಲ, ಅದು ಮಸ್ಟ್. ಸಾರು ಚೆನ್ನಾಗಿದೆ ಅನ್ನುವುದು ಒಳ್ಳೆಯದು, ಅದು ಶುಡ್. ನನ್ನ ಕೈಲಿ ಆಗುತ್ತದೆ ಅನ್ನುವುದಕ್ಕೆ ಕ್ಯಾನ್. ಆಗಲೂಬಹುದು, ಆಗದೆಯೂ ಇರಬಹುದು ಅನ್ನುವುದಕ್ಕೆ ಮೇ. ಒಳಗಿನಿಂದ ಹೆಂಡತಿ, ನಿಮ್ಮದೆಲ್ಲ ಬರೀ ಮೇ ಅಂದಳು. ಅವನು ಮಾತ್ರ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಸಾಹೇಬರು ಕರೆಸಿದ ದಿನ ಗಣಿಯ ಗೇಟಿನವರೆಗೂ ಗೊಣಗುತ್ತಾ ಹೋದ ನನಗೆ ಅವನೇ ಧೈರ್ಯ ಹೇಳಿದ.

ಮಧ್ಯಾಹ್ನ ನಗುತ್ತಾ ಹೊರಗೆ ಬಂದ. ಒಬ್ಬನೇ ಎಂಜಿನ್ ನೋಡಿಕೊಳ್ಳಬಲ್ಲೆಯಾ ಎಂದು ಸಾಹೇಬರು ಕೇಳಿದರಂತೆ.

“ಐ ಮೇ ಸಾರ್, ಅಂದೆ ಬಾವ.”

“ಕ್ಯಾನ್ ಅನ್ನಬೇಕಿತ್ತು ಕಣ್ಲಾ.”

“ಗೊತ್ತು. ದೊಡ್ಡೋರ ಎದುರ್ಗೆ ನಿಂತ್ಕಂಡು ನನ್ ಕೈಲಿ ಆಯ್ತದೆ ಅಂತ ಯಾರನಾ ಅಂತಾರಾ? ಅಕ್ಕನ್ನ ನೋಡಕ್ಕೆ ಬಂದಾಗ, ಚೆನ್ನಾಗಿ ಸಾಕ್ತೀನಿ ಅಂತ ನೀವಂದ್ರಾ?”

ನಾನು ಅಂದಿರಲಿಲ್ಲ. ದೇವರ ದಯೆ, ಹಿರಿಯರ ಆಶೀರ್ವಾದ ಎಂದೇನೋ ತಲೆ ತಗ್ಗಿಸಿ ಹೇಳಿದ್ದೆ. ಮಾವನವರು ಅದನ್ನೇ ಮೆಚ್ಚಿ ಹೆಣ್ಣು ಕೊಟ್ಟರು. ತನ್ನ ಹೆಚ್ಚುಗಾರಿಕೆಯನ್ನು ತಾನೇ ಹೇಳಿಕೊಳ್ಳುವವನನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಸಾಹೇಬರಿಗೆ ಅದು ಹೇಗೆ ಗೊತ್ತಾಗಬೇಕು? ಅಳುಕುವವನ ಕೈಗೆ ಎಂಜಿನ್ ಕೊಡಲಾಗದೆಂದು ಬೇರೊಬ್ಬನನ್ನು ತೆಗೆದುಕೊಂಡರು.

ಉಚ್ಚಾರಣೆ, ಸಲಾಮು, ಅಂಗಿಯ ಗುಂಡಿ, ಎಲ್ಲದರ ಬಗ್ಗೆಯೂ ನಾನು ಚಿಂತೆ ಮಾಡಿ ಮುಗಿಸಿದ್ದೆ. ಆ ಕೋಣೆಯೊಳಗೆ ಸ್ವಲ್ಪ ಜಂಬ ಕೊಚ್ಚಿಕೊಂಡರೂ ತಪ್ಪಿಲ್ಲ ಅನ್ನುವುದು ನನಗೇ ಹೊಳೆದಿರಲಿಲ್ಲ.

ಸೋಮವಾರ ಅವನು ಮತ್ತೆ ಗಣಿಗೆ ಇಳಿದ. ಸಂಜೆ ಬೀದಿಯ ತಿರುವಿನಿಂದಲೇ ಕೆಮ್ಮು ಕೇಳಿಸಿತು. ಹೆಂಡತಿ ನನ್ನ ಕಡೆ ನೋಡದೆ ನೀರು ಕಾಯಿಸಲು ಎದ್ದಳು.